ಕಣ್ಣಿನ ಹುಣ್ಣಿಗೆ ಆಮ್ನಿಯಾಟಿಕ್ ಪೊರೆ: ಹಳ್ಳಿಗೆ ಮೊದಲು ಬೇಕಾದುದು ಯಾವುದು?

ನಮ್ಮ ಕರಾವಳಿಯವರಿಗೆ ದೇವನಹಳ್ಳಿ ಎಂದರೆ 2008ರಿಂದ ವಿಮಾನ ನಿಲ್ದಾಣ. ಅದರ ಸುತ್ತಲಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ರಾಗಿ ಹೊಲ, ದ್ರಾಕ್ಷಿ ತೋಟ, ಕಲ್ಲು ಕ್ವಾರಿಗಳ ಪರಿಚಯ ನಮಗೆ ಕಡಿಮೆ. ಒಕ್ಕಣೆಯ ಹೊಟ್ಟು, ಬಳ್ಳಿಯ ಕಡ್ಡಿ, ಕ್ವಾರಿಯ ಕಲ್ಲಿನ ಚೂರು ಕಣ್ಣಿಗೆ ತಗುಲುವುದು ಇಂತಹ ಕೆಲಸಗಳಲ್ಲಿ ಸಾಮಾನ್ಯ. ಗೀರಿದ ಜಾಗಕ್ಕೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಸೇರಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಹುಣ್ಣಾಗುತ್ತದೆ. ಹುಣ್ಣು ವಾಸಿಯಾದ ಮೇಲೂ ಉಳಿಯುವ ಬಿಳಿ ಕಲೆಯನ್ನೇ ಹಳ್ಳಿಗಳಲ್ಲಿ ‘ಕಣ್ಣಿಗೆ ಹೂವು ಬಿತ್ತು’ ಎನ್ನುತ್ತಾರೆ.

ಔಷಧಿ ಹಾಕಿದರೂ ಹುಣ್ಣು ಬೇಗ ಕೂಡಿಕೊಳ್ಳದಿದ್ದಾಗ ವೈದ್ಯರು ಆಮ್ನಿಯಾಟಿಕ್ ಪೊರೆಯ ಕಸಿ ಮಾಡುವುದುಂಟು. ಗರ್ಭದಲ್ಲಿ ಮಗುವನ್ನು ಸುತ್ತಿಕೊಂಡಿರುವ ನೀರಿನ ಚೀಲದ ಒಳಪೊರೆ ಇದು. ಸಾಮಾನ್ಯವಾಗಿ ಹೆರಿಗೆಯ ನಂತರ ಮಾಸಿನೊಂದಿಗೆ ಎಸೆಯಲಾಗುತ್ತದೆ. (ವಯಸ್ಸಾದವರಿಗೆ ಬರುವ ‘ಕಣ್ಣಿನ ಪೊರೆ’ಗೂ ಇದಕ್ಕೂ ಸಂಬಂಧವಿಲ್ಲ.) ಮೊದಲೇ ನಿಗದಿಯಾದ ಸಿಸೇರಿಯನ್ ಹೆರಿಗೆಯಲ್ಲಿ, ತಾಯಿಯ ಒಪ್ಪಿಗೆ ಪಡೆದು, ಆಕೆಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ರೋಗಗಳಿಗಾಗಿ ಪರೀಕ್ಷಿಸಿ ಇದನ್ನು ಸಂಗ್ರಹಿಸುತ್ತಾರೆ. ತೊಳೆದು ಮೈನಸ್ 80 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಪಿಡುತ್ತಾರೆ. ಒಣಗಿಸಿ ಇಡುವ ಕ್ರಮವೂ ಇದೆ. ಹುಣ್ಣಿನ ಮೇಲೆ ಸಣ್ಣ ಹೊಲಿಗೆಯಿಂದಲೋ ಅಂಟಿನಿಂದಲೋ ಕೂರಿಸಿದರೆ ಉರಿಯೂತ ತಗ್ಗಿ, ಕಾರ್ನಿಯಾದ ಮೇಲ್ಪದರದ ಹೊಸ ಕೋಶಗಳು ಅದನ್ನೇ ಆಸರೆ ಮಾಡಿಕೊಂಡು ಬೆಳೆಯುತ್ತವೆ. ಕೆಲವು ವಾರಗಳಲ್ಲಿ ಪೊರೆ ಕರಗಿಹೋಗುತ್ತದೆ. 1940ರಲ್ಲೇ ಕಣ್ಣಿಗೆ ಬಳಸಿದ್ದ ಈ ವಿಧಾನ ಮರೆತೇಹೋಗಿ, 1990ರ ದಶಕದಲ್ಲಿ ಮರಳಿ ಬಳಕೆಗೆ ಬಂತು.

‘ಭ್ರೂಣದ ಭಾಗವನ್ನು ಬಳಸುತ್ತಾರೆಯೇ?’ ಎಂಬ ಅನುಮಾನ ನಮ್ಮ ಕ್ರೈಸ್ತ ಬಾಂಧವರಲ್ಲಿ ಮೂಡಿದರೆ ಅಚ್ಚರಿಯಿಲ್ಲ. ಮಗು ಜೀವಂತವಾಗಿ ಹುಟ್ಟಿದ ಬಳಿಕ ಉಳಿಯುವ ಪೊರೆ ಇದಾದ್ದರಿಂದ ಯಾರಿಗೂ ಹಾನಿಯಿಲ್ಲ. ಜನನದ ವೇಳೆ ಹೊಕ್ಕುಳಬಳ್ಳಿಯ ರಕ್ತದಿಂದ ಆಕರಕೋಶ ಪಡೆಯುವುದನ್ನು ವ್ಯಾಟಿಕನ್‌ನ 2008ರ ‘ದಿಗ್ನಿತಾಸ್ ಪೆರ್ಸೋನೇ’ ದಾಖಲೆ ಒಪ್ಪಿದೆ. ಅದೇ ತರ್ಕ ಇಲ್ಲಿಗೂ ಸಲ್ಲುತ್ತದೆ ಎಂಬುದು ನಮ್ಮ ತಿಳಿವಳಿಕೆ.

ಆದರೆ ಈ ಪೊರೆಯಿಂದ ಆಗದ ಕೆಲಸವೂ ಇದೆ. ಸೋಂಕನ್ನು ಅದು ಕೊಲ್ಲುವುದಿಲ್ಲ. ಶಿಲೀಂಧ್ರದ ಹುಣ್ಣಿಗೆ ನ್ಯಾಟಮೈಸಿನ್‌ನಂತಹ ಹನಿಮದ್ದು ವಾರಗಟ್ಟಲೆ ಬೇಕು. ಆಗಲೇ ಬಿದ್ದ ಹೂವನ್ನೂ ಅದು ತೆಗೆಯದು. ಅದು ನೋಟಕ್ಕೆ ಅಡ್ಡ ಬಂದರೆ ನೇತ್ರದಾನದಿಂದ ಬಂದ ಕಾರ್ನಿಯಾಕ್ಕೆ ಕಾಯಬೇಕು. ಹಾಗಾಗಿ ಹೆಚ್ಚಿನ ಕಣ್ಣುಗಳ ಹಣೆಬರಹ ಮೊದಲ ಎರಡು ಮೂರು ದಿನಗಳಲ್ಲೇ ತೀರ್ಮಾನವಾಗುತ್ತದೆ ಎಂದು ನಾವು ಹೇಳಬೇಕಾಗಿದೆ. ಆ ದಿನಗಳಲ್ಲಿ ಎಲೆರಸ, ಎದೆಹಾಲು ಬಿಡುವವರಿದ್ದಾರೆ. ಇದಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತಂದ ಸ್ಟೀರಾಯ್ಡ್ ಹನಿ. ಅದು ಕೆಂಪನ್ನೂ ನೋವನ್ನೂ ಇಳಿಸುತ್ತದೆ, ಒಳಗೆ ಶಿಲೀಂಧ್ರಕ್ಕೆ ದಾರಿ ಬಿಡುತ್ತದೆ. ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಸುಮಾರು 40 ಕಿ.ಮೀ. ದಿನಗೂಲಿಯವರಿಗೆ ಪ್ರತಿ ಭೇಟಿಗೂ ಒಂದು ದಿನದ ಕೂಲಿ ಹೋಗುತ್ತದೆ. ಹುಣ್ಣಿನ ಚಿಕಿತ್ಸೆಯೋ ಒಂದೇ ಭೇಟಿಗೆ ಮುಗಿಯುವಂಥದಲ್ಲ.

2015–19ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ 50 ದಾಟಿದವರ ಅಂಧತ್ವಕ್ಕೆ ಶೇ. 66.2ರಷ್ಟು ಕಾರಣ ಕ್ಯಾಟರಾಕ್ಟ್. ಆದರೆ 50ಕ್ಕಿಂತ ಕೆಳಗಿನವರಲ್ಲಿ ಮೊದಲ ಕಾರಣ ಕಾರ್ನಿಯಾದ ಕಲೆ, ಶೇ. 37.5. ಅಂದರೆ ದುಡಿಯುವ ವಯಸ್ಸಿನ ಕಣ್ಣು. ನಮ್ಮ ಚರ್ಚುಗಳ ನೇತ್ರ ಶಿಬಿರಗಳೂ ಸೇರಿದಂತೆ ಬಹುತೇಕ ಶಿಬಿರಗಳು ಕ್ಯಾಟರಾಕ್ಟ್ ಮತ್ತು ಕನ್ನಡಕಕ್ಕೆ ಸೀಮಿತ. ವರ್ಷಕ್ಕೊಮ್ಮೆ ನಡೆಯುವ ಶಿಬಿರಕ್ಕೆ ನಿನ್ನೆ ಗೀರಿದ ಕಣ್ಣು ಸಿಗುವುದೂ ಇಲ್ಲ.

ನೇಪಾಳದ ಭಕ್ತಪುರದಲ್ಲಿ 1990ರ ದಶಕದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಗೀರು ಗುರುತಿಸಿ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದರು. ಗಾಯವಾದ 18 ಗಂಟೆಯೊಳಗೆ ಆರಂಭಿಸಿದ ಯಾರಿಗೂ ಹುಣ್ಣಾಗಲಿಲ್ಲ. ನೇಪಾಳದಲ್ಲೇ ಮುಂದೆ ನಡೆದ ದೊಡ್ಡ ಪ್ರಯೋಗದಲ್ಲಿ ಇಷ್ಟು ಸ್ಪಷ್ಟ ಫಲ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಗೀರನ್ನು ಬೇಗ ಗುರುತಿಸಿ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸುವುದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಗೀರನ್ನು ಹಸಿರಾಗಿ ತೋರಿಸುವ ಫ್ಲೂರೆಸೀನ್ ಕಾಗದದ ಪಟ್ಟಿ, ಒಂದು ನೀಲಿ ಬೆಳಕಿನ ಟಾರ್ಚ್ ಸಾಕು. ಹೊಸಕೋಟೆ, ನೆಲಮಂಗಲದ ಕಡೆಯಾಗಲಿ ನಮ್ಮ ಅಡಿಕೆ ತೋಟಗಳ ನಡುವೆಯಾಗಲಿ, ಧರ್ಮಭಗಿನಿಯರು ನಡೆಸುವ ಚಿಕ್ಕ ಚಿಕಿತ್ಸಾಲಯಗಳಲ್ಲಿ ಇವೆರಡೂ ಇವೆಯೇ ಎಂದು ವಾಚಕರು ಈ ವಾರವೇ ವಿಚಾರಿಸಬಹುದು.