ಹೊತ್ತವರ ಹೆಗಲು

ಸಂಸ್ಥೆಯನ್ನು ಸ್ಥಾಪಿಸಿದವರ ಹೆಸರು ಶಿಲಾಫಲಕದ ಮೇಲೆ ಉಳಿಯುತ್ತದೆ. ಕಟ್ಟಡಕ್ಕೆ ದ್ರವ್ಯಸಹಾಯ ಮಾಡಿದವರ ಹೆಸರು ಗೋಡೆಯ ಮೇಲೆ ಉಳಿಯುತ್ತದೆ. ಈ ಎರಡರ ನಡುವೆ ಮೂವತ್ತು ನಲವತ್ತು ವರ್ಷಗಳ ಕಾಲ ದಿನಂಪ್ರತಿ ಸಂಸ್ಥೆಯನ್ನು ನಡೆಸಿದವರು ಏನನ್ನು ಕಳೆದುಕೊಂಡರು ಎಂಬುದು ಮಾತ್ರ ಯಾವ ವರದಿಯಲ್ಲಿಯೂ ಕಾಣಸಿಗುವುದಿಲ್ಲ. ಸ್ಥಾಪನೆಗೆ ಉತ್ಸಾಹ ಸಾಕು. ನಡೆಸುವುದಕ್ಕೆ ಆಯುಷ್ಯವೇ ಬೇಕು. ವಾರ್ಷಿಕ ವರದಿಗಳಲ್ಲಿ ‘ಅವರ ನಿಸ್ವಾರ್ಥ ಸೇವೆಗೆ ಸಂಸ್ಥೆಯು ಚಿರಋಣಿ’ ಎಂಬ ಒಂದು ವಾಕ್ಯದಲ್ಲಿ ಆ ಆಯುಷ್ಯದ ಲೆಕ್ಕ ಮುಗಿದುಹೋಗುತ್ತದೆ.

ವಚನ ಪಿತಾಮಹ ಫ. ಗು. ಹಳಕಟ್ಟಿಯವರ ಜೀವನವನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಉಚಿತ. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ವಿದ್ಯಾಭ್ಯಾಸ ಪೂರೈಸಿ, ಅಂದಿನ ಬಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ನೆಲೆನಿಂತ ವಕೀಲರು ಅವರು. 1910ರಲ್ಲಿ ಅಲ್ಲಿಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಮುಂದಾದರು. ತಾಳೆಯೋಲೆಗಳಿಂದ ಸಂಗ್ರಹಿಸಿದ ವಚನಗಳು ‘ವಚನಶಾಸ್ತ್ರಸಾರ’ದ ಮೊದಲ ಭಾಗವಾಗಿ 1923ರಲ್ಲಿ ಬೆಳಕು ಕಂಡವು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರಿಗೆ ಸಂದಿತು. ಇದು ಭಾಷಣಗಳಲ್ಲಿ ಎಲ್ಲರೂ ಹೇಳುವ ಭಾಗ.

ಹೇಳದೆ ಉಳಿಯುವ ಭಾಗ ಬೇರೆ. ಮುದ್ರಣಾಲಯಕ್ಕಾಗಿ ಅವರು ಸ್ವಂತ ಮನೆಯನ್ನು ಮಾರಿದರು. ಆಮೇಲೆ ಬಾಡಿಗೆಯ ಮನೆಯಲ್ಲಿಯೇ ಬಾಳಿದರು. ಮನೆ ಮಾರಿದ ಸಂಗತಿಯನ್ನು ತ್ಯಾಗದ ನಿದರ್ಶನವೆಂದು ಸಭೆಗಳಲ್ಲಿ ಚಪ್ಪಾಳೆಯ ನಡುವೆ ಉದಾಹರಿಸುವುದುಂಟು. ಆ ಮನೆಯಲ್ಲಿ ಹೆಂಡತಿ ಮಕ್ಕಳೂ ಇದ್ದರು, ತ್ಯಾಗದಲ್ಲಿ ಅವರ ಪಾಲೂ ಸೇರಿತ್ತು ಎಂಬುದನ್ನು ಭಾಷಣಕಾರರು ಗಮನಿಸುವುದಿಲ್ಲ. ವಕೀಲಿ ವೃತ್ತಿ ಕಕ್ಷಿಗಾರರ ವಿಶ್ವಾಸದ ಮೇಲೆ ನಿಂತದ್ದು. ಕಚೇರಿಯ ವೇಳೆಯನ್ನು ಕರಡಚ್ಚು ತಿಂದುಹಾಕಿದರೆ ಆ ವೃತ್ತಿ ತಾನಾಗಿ ಕ್ಷೀಣಿಸುತ್ತದೆ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಆ ಕಾಲದಲ್ಲಿ ಇಂಥ ಪತ್ರಿಕೆಯನ್ನು ನಡೆಸುವುದೆಂದರೆ ಏನು ಎಂಬುದನ್ನು ಇಂದಿನ ತರುಣ ಅಧ್ಯಾಪಕರಿಗೆ ತಿಳಿಸಿಯೇ ಹೇಳಬೇಕು. ಓಲೆಯ ಪಾಠವನ್ನು ಸಂಪಾದಕನೇ ಓದಿ ಪ್ರತಿ ಮಾಡಬೇಕು. ಹಿಂದಣ ಪುಟಗಳ ಮೊಳೆ ಬಿಚ್ಚಿದಲ್ಲದೆ ಮುಂದಣ ಪುಟಗಳಿಗೆ ಅಕ್ಷರ ಸಾಲದು. ಒತ್ತಕ್ಷರ ಮುರಿದಿದ್ದರೆ ಅದು ಬರುವ ತನಕ ಕಾಯಬೇಕು. ಕರಡನ್ನು ಎರಡು ಮೂರು ಬಾರಿ ತಿದ್ದಬೇಕು. ವಚನದಲ್ಲಿ ಒಂದು ಅಕ್ಷರ ತಪ್ಪಿದರೆ ಅರ್ಥವೇ ಕೆಡುತ್ತದೆ. ಅಚ್ಚಾದ ಮೇಲೆ ವಿಳಾಸ ಬರೆಯುವುದು, ಅಂಚೆಗೆ ಹಾಕುವುದು, ಚಂದಾ ನೆನಪಿಸುವುದು. ವಿ.ಪಿ.ಯಲ್ಲಿ ಕಳುಹಿಸಿದ ಪುಸ್ತಕವನ್ನು ತರಿಸಿಕೊಂಡವರೇ ಬಿಡಿಸಿಕೊಳ್ಳದೆ ಹಿಂದಿರುಗಿಸಿದರೆ ಅಂಚೆವೆಚ್ಚವೆಲ್ಲ ಕೈಯಿಂದಲೇ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಕಾಗದಕ್ಕೂ ನಿಯಂತ್ರಣ ಬಂದು ಅದೆಷ್ಟೋ ಪತ್ರಿಕೆಗಳು ಸೊರಗಿದವು. ಇಷ್ಟಾದ ಮೇಲೆ ಸಂಚಿಕೆ ಎಂಟು ದಿನ ತಡವಾದರೆ ಓದುಗರ ಆಕ್ಷೇಪಣೆಯ ಪತ್ರ! ಅದಕ್ಕೆ ವಿನಯದ ಉತ್ತರ ಬರೆಯುವವನೂ ಆ ಸಂಪಾದಕನೇ. ‘ಶಿವಾನುಭವ’ವನ್ನು ಹಳಕಟ್ಟಿಯವರು ಮೂರು ದಶಕಗಳಿಗೂ ಮಿಕ್ಕಿ ನಡೆಸಿದರು. ನಲವತ್ತಾರರ ಪ್ರಾಯದಲ್ಲಿ ಹೊತ್ತ ಹೊರೆ ವೃದ್ಧಾಪ್ಯದ ತನಕವೂ ಹೆಗಲಿನಿಂದ ಇಳಿಯಲಿಲ್ಲ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1964ರಲ್ಲಿ ಅವರು ಲಿಂಗೈಕ್ಯರಾದರು.

ಗಳಗನಾಥರ ಕಥೆಯೂ ಇದರಿಂದ ದೂರವಿಲ್ಲ. ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿ ಕನ್ನಡಿಗರಿಗೆ ಓದುವ ಹವ್ಯಾಸ ಹಚ್ಚಿದ ಆ ಮಹನೀಯರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಬೇಕಾಯಿತು.

ಮಠದ ವ್ಯವಸ್ಥೆಯನ್ನು ಇಲ್ಲಿ ಹೋಲಿಸಿ ನೋಡಬೇಕು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿದರು. 2019ರ ತನಕ ಆ ಬಾಳು ಸಾವಿರಾರು ಮಕ್ಕಳ ಅನ್ನ, ವಿದ್ಯೆಗಳಿಗೆ ಮೀಸಲಾಯಿತು. ಆ ಹೊರೆ ಸಾಮಾನ್ಯವಾದುದಲ್ಲ. ಆದರೂ ಪೀಠಕ್ಕೆ ದೀಕ್ಷೆಯುಂಟು, ಭಕ್ತಸಮೂಹವುಂಟು, ಎಲ್ಲಕ್ಕೂ ಮಿಗಿಲಾಗಿ ಉತ್ತರಾಧಿಕಾರದ ಪದ್ಧತಿಯುಂಟು. ಅಲ್ಲಿ 1988ರಲ್ಲಿಯೇ ಉತ್ತರಾಧಿಕಾರಿಗಳ ನೇಮಕವಾಗಿ, ಕೈಗೆ ಕೈ ಸೇರಿಸುವವರು ಮೂರು ದಶಕಗಳ ಕಾಲ ಜೊತೆಗಿದ್ದರು. ಗೃಹಸ್ಥನಾದ ಕಾರ್ಯದರ್ಶಿಗೆ ಇಂಥ ಯಾವ ಆಸರೆಯಿದೆ? ಅವನು ಸಂಸಾರವನ್ನು ಬಿಟ್ಟವನಲ್ಲ. ವಿರಕ್ತರಿಂದ ನಿರೀಕ್ಷಿಸುವ ನಿಷ್ಠೆಯನ್ನು ಸಮಾಜವು ಅವನಿಂದಲೂ ನಿರೀಕ್ಷಿಸುತ್ತದೆ. ವಿರಕ್ತರಿಗೆ ಸಲ್ಲಿಸುವ ಪೂಜ್ಯಭಾವವನ್ನು ಮಾತ್ರ ಸಲ್ಲಿಸುವುದಿಲ್ಲ. ಲೆಕ್ಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಸರ್ವಸದಸ್ಯರ ಸಭೆಯಲ್ಲಿ ಪ್ರಶ್ನೆ ಏಳುತ್ತದೆ, ಅವನ ಕಣ್ಣು ಮಂಜಾದರೆ ಯಾರೂ ಕೇಳುವುದಿಲ್ಲ.

‘ಸೇವೆಗೆ ಮಿತಿಯುಂಟೆ? ಕಾಯಕವೇ ಕೈಲಾಸವಲ್ಲವೆ?’ ಎಂದು ಆಕ್ಷೇಪಿಸುವವರಿದ್ದಾರೆ. ಕಾಯಕತತ್ತ್ವವನ್ನು ಇಷ್ಟು ಸುಲಭವಾಗಿ ಉದ್ಧರಿಸುವವರು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನೆಯಬೇಕು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಅಧಿಕ ಅಕ್ಕಿ ತಂದಾಗ, ಆ ಮಹಾತಾಯಿ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ದಾಸೋಹಕ್ಕಾಗಿಯೇ ತಂದುದಾದರೂ ಅಗತ್ಯವನ್ನು ಮೀರಿದ್ದು ಆಸೆಯೇ ಎಂಬುದು ಆಕೆಯ ನಿಲುವು. ಅಕ್ಕಿಗೆ ಅನ್ವಯಿಸಿದ ಈ ನ್ಯಾಯವು ಮನುಷ್ಯನ ಆಯುಷ್ಯಕ್ಕೂ ಅನ್ವಯಿಸಲಾರದೆ? ಹತ್ತು ಜನ ಹಂಚಿಕೊಳ್ಳಬಹುದಾದ ಕೆಲಸವನ್ನು ಒಬ್ಬನಿಂದಲೇ ಪಡೆಯುವ ಸಂಘವೂ ಅಳತೆ ಮೀರಿ ಆಯ್ದುಕೊಂಡಂತೆಯೇ.

ತಪ್ಪೆಲ್ಲ ಸಂಘದ್ದೇ ಎನ್ನುವಂತೆಯೂ ಇಲ್ಲ. ದೀರ್ಘಕಾಲ ಹೊತ್ತವನಿಗೆ ಹೊರೆಯ ಮೇಲೆಯೇ ಮಮಕಾರ ಹುಟ್ಟುತ್ತದೆ. ಬೀರುವಿನ ಬೀಗದ ಕೈಯನ್ನು ಕಿರಿಯರಿಗೆ ಕೊಡಲು ಮನಸ್ಸಾಗುವುದಿಲ್ಲ. ‘ನನ್ನಂತೆ ಮಾಡುವವರಿಲ್ಲ’ ಎಂಬ ಮಾತು ಆಗಾಗ ಬಾಯಿಗೆ ಬರುತ್ತದೆ. ಅದು ಬಹುಮಟ್ಟಿಗೆ ನಿಜವೂ ಆಗಿರುತ್ತದೆ, ಏಕೆಂದರೆ ಕಲಿಸಿದ್ದರೆ ತಾನೆ ಇನ್ನೊಬ್ಬರು ಮಾಡುವುದು! ಇಂಥವರು ಕಾಯಿಲೆ ಬಿದ್ದ ದಿನ ರಸೀದಿ ಪುಸ್ತಕ ಎಲ್ಲಿದೆ ಎಂಬುದು ಸಹ ಯಾರಿಗೂ ತಿಳಿಯದೆ ಸಂಘವೇ ಸ್ತಬ್ಧವಾಗುತ್ತದೆ. ಈ ಮಮಕಾರಕ್ಕೆ ಮದ್ದು ನಿಂದೆಯಲ್ಲ, ನಿಯಮ.

ಮಠಗಳ ಆಶ್ರಯದ ಶಾಲೆಗಳಲ್ಲಿ ಹಳೆಯ ವಿದ್ಯಾರ್ಥಿ ಸಂಘ, ವಿದ್ಯಾರ್ಥಿನಿಲಯದ ಸಮಿತಿ, ಪುಸ್ತಕಭಂಡಾರ, ಸಂಚಿಕೆಯ ಸಂಪಾದಕ ಮಂಡಳಿ ಮುಂತಾದ ಕಾರ್ಯಗಳನ್ನು ಪಾಠಪ್ರವಚನದ ಜೊತೆಗೆ ಹೊತ್ತಿರುವ ಅಧ್ಯಾಪಕರು ಎಷ್ಟೋ ಮಂದಿ ಇದ್ದಾರೆ. ಕಾರ್ಯದರ್ಶಿಯ ಅವಧಿ ಐದು ವರ್ಷಕ್ಕೆ ಮೀರದಿರಲಿ. ಕೊನೆಯ ವರ್ಷ ಮುಂದಿನವರು ಅವರ ಪಕ್ಕದಲ್ಲಿಯೇ ಕುಳಿತು ಕೆಲಸ ಕಲಿಯಲಿ. ಅಂಚೆವೆಚ್ಚ, ಪ್ರಯಾಣವೆಚ್ಚಗಳನ್ನು ಕೇಳುವ ಮೊದಲೇ ಕೊಡುವ ಏರ್ಪಾಡಾಗಲಿ. ದಾನಿಗಳಲ್ಲಿ ಒಂದು ವಿನಂತಿ ಸಲ್ಲುತ್ತದೆ: ಕೊಠಡಿಗೆ, ಸಭಾಭವನಕ್ಕೆ, ಗಡಿಯಾರದ ಗೋಪುರಕ್ಕೆ ಕೊಡುವವರು ದೊರೆಯುತ್ತಾರೆ, ಗುಮಾಸ್ತನೊಬ್ಬನ ಸಂಬಳಕ್ಕೆಂದು ಶಾಶ್ವತ ನಿಧಿಯಿಟ್ಟವರ ಹೆಸರು ದೇಣಿಗೆಯ ಪಟ್ಟಿಯಲ್ಲಿ ಅಪರೂಪ. ಆ ಸಂಬಳದಿಂದ ಹಳೆಯ ಕಾರ್ಯದರ್ಶಿಯೊಬ್ಬರು ಸಂಜೆ ಆರು ಗಂಟೆಗೆ ಮನೆಗೆ ಹೋಗಿ ಮೊಮ್ಮಕ್ಕಳೊಡನೆ ಊಟಕ್ಕೆ ಕುಳಿತುಕೊಳ್ಳುವಂತಾದೀತು.