ಪುಷ್ಪಕ್ ಟೀಕಾಕಾರರಿಗೆ ಉತ್ತರ

ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನದ ಪರೀಕ್ಷೆಗಳನ್ನು ದಂಡದ ಕೆಲಸ ಎನ್ನುವವರ ವಾದಗಳನ್ನು ಒಂದೊಂದಾಗಿ ನೋಡೋಣ. ತೂಗಿ ನೋಡುವ ಕೆಲಸ ಓದುಗರದು.

"2016ರ ಮೇ 23ರಂದು ಹಾರಿಸಿದ ವಾಹನ ಸಮುದ್ರದ ಪಾಲಾಯಿತಲ್ಲ, ಅದೆಂಥ ಯಶಸ್ಸು?" ಅದನ್ನು ಮರಳಿ ತರುತ್ತೇವೆಂದು ಯಾರೂ ಹೇಳಿರಲಿಲ್ಲ. ಶ್ರೀಹರಿಕೋಟಾದಿಂದ ಸುಮಾರು 65 ಕಿ.ಮೀ. ಎತ್ತರಕ್ಕೇರಿ, ಶಬ್ದದ ಐದು ಪಟ್ಟು ವೇಗದಲ್ಲಿ ಕೆಳಗಿಳಿಯುತ್ತಾ ತನ್ನನ್ನು ತಾನೇ ನಿಯಂತ್ರಿಸಿಕೊಂಡು, ಸುಮಾರು 450 ಕಿ.ಮೀ. ದೂರದಲ್ಲಿ ಬಂಗಾಳ ಕೊಲ್ಲಿಯನ್ನು ತಲುಪಬೇಕಿತ್ತು. ತಲುಪಿತು. ಇಟ್ಟುಕೊಳ್ಳದ ಗುರಿಯನ್ನು ಹೊರಿಸಿ ಸೋಲೆಂದು ಬರೆದರೆ ಅದು ವಿಮರ್ಶೆಯಲ್ಲ.

"ಹೆಲಿಕಾಪ್ಟರಿನಿಂದ ಬಿಟ್ಟದ್ದು ನೆಲಕ್ಕಿಳಿಯುವುದರಲ್ಲಿ ಏನು ಹೆಚ್ಚುಗಾರಿಕೆ?" ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ವಲಯದಲ್ಲಿ 2024ರ ಜೂನ್ 23ರ ಬೆಳಿಗ್ಗೆ ನಡೆದದ್ದನ್ನೇ ನೋಡಿ. ವಾಯುಪಡೆಯ ಚಿನೂಕ್, ಪುಷ್ಪಕ್ ಅನ್ನು 4.5 ಕಿ.ಮೀ. ಎತ್ತರದಲ್ಲಿ, ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬೇಕೆಂದೇ ಬಿಟ್ಟಿತು. ಎಂಜಿನ್ ಇಲ್ಲ, ತಪ್ಪಿದರೆ ಇನ್ನೊಂದು ಸುತ್ತು ಹಾಕಿ ಬರುವಂತಿಲ್ಲ. ಇಂಥ ಗಿಡ್ಡ ರೆಕ್ಕೆಗೆ ತೇಲುವ ಶಕ್ತಿ ಕಡಿಮೆ. ಪ್ರಯಾಣಿಕ ವಿಮಾನ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿ ಇಳಿದರೆ, ಇದು 320 ದಾಟಿದ ವೇಗದಲ್ಲಿ ನೆಲ ಮುಟ್ಟಿತು. ಪಕ್ಕಕ್ಕೆ ಸರಿದಿರುವುದನ್ನು ತಾನೇ ಅರಿತು ನಡುಗೆರೆಗೆ ಬಂದು, ಪ್ಯಾರಾಚೂಟ್ ಬಿಚ್ಚಿ ವೇಗವನ್ನು 100ರ ಹತ್ತಿರಕ್ಕೆ ತಂದು, ಆಮೇಲೆ ಬ್ರೇಕ್ ಹಾಕಿ ನಿಂತಿತು. ಹಿಂದಿನ ಮಾರ್ಚ್‌ನಲ್ಲಿ ಇಳಿದಿದ್ದ ಅದೇ ಕವಚ, ಅದೇ ಹಾರಾಟ ವ್ಯವಸ್ಥೆಗಳು ಮತ್ತೆ ಹಾರಿದ್ದವು. ಮರುಬಳಕೆಗೆ ಸಾಕ್ಷಿ ಬೇಕೆನ್ನುವವರು ಈ ಸಂಗತಿಯನ್ನು ಮಾತ್ರ ಎತ್ತುವುದಿಲ್ಲ. ಅಮೆರಿಕವೂ ಎಕ್ಸ್-40ಎ ಎಂಬ ಕಿರು ಮಾದರಿಯನ್ನು 2001ರಲ್ಲಿ ಚಿನೂಕ್‌ನಿಂದಲೇ ಬಿಟ್ಟು ಇಳಿಸಿ ನೋಡಿತ್ತು. ಅದೇ ವಂಶದ ಎಕ್ಸ್-37ಬಿ 908 ದಿನ ಕಕ್ಷೆಯಲ್ಲಿದ್ದು 2022ರಲ್ಲಿ ರನ್‌ವೇಗೆ ಮರಳಿತು.

"ಚಿಕ್ಕ ಮಾದರಿಯಿಂದ ದೊಡ್ಡದರ ಬಗ್ಗೆ ಏನೂ ತಿಳಿಯದು" ಎನ್ನುವವರೇ ಮರುಮಾತಿಗೆ "ದುಡ್ಡು ಪೋಲು" ಎನ್ನುತ್ತಾರೆ. ಹಾಗಾದರೆ ಮೊದಲ ಹಾರಾಟದಲ್ಲೇ ಪೂರ್ಣ ಗಾತ್ರದ ವಾಹನವನ್ನು ಪಣಕ್ಕಿಡಬೇಕೇ? ಸೋವಿಯತ್ ಒಕ್ಕೂಟ ತನ್ನ ರೆಕ್ಕೆಯುಳ್ಳ ಬಾಹ್ಯಾಕಾಶ ವಾಹನ ಬುರಾನ್‌ನ ಎಂಟನೇ ಒಂದರಷ್ಟು ಗಾತ್ರದ ಬಿಒಆರ್-5 ಮಾದರಿಗಳನ್ನು ಮೊದಲು ಹಾರಿಸಿತು. 1988ರ ನವೆಂಬರ್ 15ರಂದು ಬುರಾನ್ ಪೈಲಟ್ ಇಲ್ಲದೆ ಕಕ್ಷೆಯಿಂದ ಮರಳಿ ಇಳಿಯಿತು.

"ಷಟಲ್ ನಿಂತುಹೋಯಿತು, ಫಾಲ್ಕನ್ ನೆಟ್ಟಗೆ ಇಳಿಯುತ್ತದೆ, ರೆಕ್ಕೆ ಯಾಕೆ?" ಎಂಬುದು ಕೊನೆಯ ವಾದ. ಫಾಲ್ಕನ್-9ರಲ್ಲಿ ಮರಳುವುದು ಕಕ್ಷೆಗೇ ಹೋಗದ ಮೊದಲ ಹಂತ. ಪುಷ್ಪಕ್‌ನ ಗುರಿ ಕಕ್ಷೆಯಿಂದ ಮರಳುವುದು. ಬೇರೆ ಬೇರೆ ಕೆಲಸಗಳನ್ನು ಒಂದೇ ತಕ್ಕಡಿಗೆ ಹಾಕಿದರೆ ತೂಕ ತಪ್ಪುತ್ತದೆ.

ಆ ಕಕ್ಷೆಯ ಪರೀಕ್ಷೆ ಇನ್ನೂ ಬಾಕಿಯಿದೆ. ಇಸ್ರೋವನ್ನು ಪ್ರಶ್ನಿಸಲೇಬೇಕೆಂದರೆ, ಅದು ಯಾವಾಗ ಎಂದು ಕೇಳಿ.