ಮನೆ ಕೆಡಿಸುವ ಮಾತು, ಮನೆ ಉಳಿಸುವ ಮಾತು

ಒಂದು ಮನೆ ಹಾಳಾಗಲು ಕಳ್ಳರೇ ನುಗ್ಗಬೇಕಾಗಿಲ್ಲ, ಬೆಂಕಿಯೇ ಬೀಳಬೇಕಾಗಿಲ್ಲ. ಮನೆಯವರ ಬಾಯಿಂದ ಬರುವ ನಾಲ್ಕು ಮಾತು ಸಾಕು. ಇದನ್ನು ನಾನೂರು ವರ್ಷಗಳ ಹಿಂದೆಯೇ ನಾಟಕಗಳಲ್ಲಿ ತೋರಿಸಿಕೊಟ್ಟವನು ಇಂಗ್ಲೆಂಡಿನ ಶೇಕ್ಸ್‌ಪಿಯರ್ (1564–1616). ಹೆಸರು ಕೇಳಿದೊಡನೆ 'ಅದು ಕಾಲೇಜು ಮಕ್ಕಳ ಪಾಠ, ನಮಗೇಕೆ?' ಎಂದು ಪುಟ ತಿರುವಬೇಡಿ. ಅವನ ಎರಡು ದೊಡ್ಡ ದುರಂತ ನಾಟಕಗಳನ್ನು ಕನ್ನಡಕ್ಕೆ ತಂದವರಲ್ಲಿ ಕೋಲಾರ ಜಿಲ್ಲೆಯ ಇಬ್ಬರು ಹಿರಿಯರಿದ್ದಾರೆ. 'ಮ್ಯಾಕ್‌ಬೆತ್' ನಾಟಕವನ್ನು ಕನ್ನಡಿಸಿದವರು ಮುಳಬಾಗಿಲಿನ ಡಿ.ವಿ. ಗುಂಡಪ್ಪ (1887–1975). 'ಲಿಯರ್ ಮಹಾರಾಜ'ನನ್ನು ಕನ್ನಡದಲ್ಲಿ ಮಾತಾಡಿಸಿದವರು ಮಾಲೂರು ತಾಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986). ಒಬ್ಬರು ಮೆಟ್ರಿಕ್ ದಾಟದೆ ಪತ್ರಿಕೋದ್ಯಮಕ್ಕೆ ಇಳಿದವರು. ಇನ್ನೊಬ್ಬರು ಇಂಗ್ಲಿಷ್ ಎಂ.ಎ. ಮಾಡಿ ಮೈಸೂರು ಸರಕಾರದ ಅಧಿಕಾರಿಯಾದವರು. ಮಾಸ್ತಿಯವರ ಮನೆಮಾತು ತಮಿಳು. ಮನೆಯಲ್ಲಿ ಉರ್ದು ಮಾತಾಡಿ ಕನ್ನಡ ಓದುವ ಸಹೋದರಿಯರಿಗೆ ಇದು ಹತ್ತಿರದ ಸಂಗತಿಯಲ್ಲವೇ?

ಮೊದಲು ಮ್ಯಾಕ್‌ಬೆತ್‌ನ ಮನೆಗೆ ಹೋಗೋಣ. ಅವನೊಬ್ಬ ವೀರ ಸೇನಾಪತಿ. ಯುದ್ಧ ಗೆದ್ದು ಬರುವ ದಾರಿಯಲ್ಲಿ ಮೂವರು ಮಾಟಗಾತಿಯರು 'ನೀನು ರಾಜನಾಗುವೆ' ಎನ್ನುತ್ತಾರೆ. ಅವನು ಆ ಸುದ್ದಿಯನ್ನು ಹೆಂಡತಿಗೆ ಪತ್ರದಲ್ಲಿ ಬರೆಯುತ್ತಾನೆ. ಅದೇ ರಾತ್ರಿ ರಾಜ ಡಂಕನ್ ಅವರ ಮನೆಗೇ ಅತಿಥಿಯಾಗಿ ಬರುತ್ತಾನೆ. ಮ್ಯಾಕ್‌ಬೆತ್ ಹಿಂಜರಿಯುತ್ತಾನೆ. ಈತ ನನ್ನ ಬಂಧು, ನನ್ನ ದೊರೆ, ಮೇಲಾಗಿ ನನ್ನ ಮನೆಯ ಅತಿಥಿ ಎಂದು ಯೋಚಿಸುತ್ತಾನೆ. ಆ ಗಳಿಗೆಯಲ್ಲಿ ಹೆಂಡತಿ ಒಂದು ಮಾತು ಹೇಳಿದ್ದರೆ ಅವನು ಉಳಿಯುತ್ತಿದ್ದ. ಆದರೆ ಅವಳು ಅವನ ಗಂಡಸುತನವನ್ನೇ ಹಂಗಿಸುತ್ತಾಳೆ. ಕೊಲೆ ನಡೆದುಹೋಗುತ್ತದೆ.

ಅವಳನ್ನು ರಾಕ್ಷಸಿ ಎಂದು ಬದಿಗೆ ಸರಿಸುವುದು ಸುಲಭ. ನಾಟಕಕಾರ ಹಾಗೆ ಮಾಡಿಲ್ಲ. ಮಲಗಿದ್ದ ಮುದುಕ ರಾಜ ತನ್ನ ತಂದೆಯಂತೆ ಕಾಣದಿದ್ದರೆ ತಾನೇ ಕೊಲ್ಲುತ್ತಿದ್ದೆ ಎಂದು ಆಕೆಯೇ ಒಪ್ಪಿಕೊಳ್ಳುತ್ತಾಳೆ. ಅಂದರೆ ಎದೆಯ ಮೂಲೆಯಲ್ಲಿ ಮಗಳೊಬ್ಬಳು ಇನ್ನೂ ಬದುಕಿದ್ದಳು. ಆ ಮಗಳ ಮಾತನ್ನು ಅವಳು ಕೇಳಲಿಲ್ಲ. ಕೊನೆಗೆ ನಿದ್ದೆಯಲ್ಲಿ ನಡೆಯುತ್ತಾ, ಇಲ್ಲದ ರಕ್ತದ ಕಲೆಯನ್ನು ಕೈಯಿಂದ ತೊಳೆಯುತ್ತಾ ಬೇಯುತ್ತಾಳೆ.

ಮಾಟಗಾತಿಯರ ತಪ್ಪೇ ಎಲ್ಲ ಎನ್ನೋಣವೇ? ಅದೇ ದಾರಿಯಲ್ಲಿ ಅವನ ಗೆಳೆಯ ಬ್ಯಾಂಕೋ ಕೂಡ ಇದ್ದ. ಅವನ ವಂಶದವರು ರಾಜರಾಗುವರೆಂದು ಅವರು ಅವನಿಗೂ ಹೇಳಿದ್ದರು. ಅವನು ಅದಕ್ಕಾಗಿ ಕತ್ತಿ ಎತ್ತಲಿಲ್ಲ. ಆಸೆ ಇಬ್ಬರ ಕಿವಿಗೂ ಬಿತ್ತು, ಮನೆಯೊಳಗೆ ಕರೆದು ಕೂರಿಸಿದವನು ಒಬ್ಬನೇ.

ಲಿಯರ್‌ನ ಕಥೆ ಬೇರೆ. ಮುಪ್ಪಾದ ರಾಜ ಮೂವರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಲು ಕೂರುತ್ತಾನೆ. ತುಂಬಿದ ಸಭೆಯಲ್ಲಿ 'ನನ್ನನ್ನು ಹೆಚ್ಚು ಪ್ರೀತಿಸುವವರು ಯಾರು?' ಎಂದು ಕೇಳುತ್ತಾನೆ. ದೊಡ್ಡವರಿಬ್ಬರು ಜೇನು ಸುರಿಸುತ್ತಾರೆ. ಕಿರಿಯವಳು ಕಾರ್ಡೀಲಿಯ ಮಾತ್ರ, ಮಗಳಾಗಿ ಎಷ್ಟು ಪ್ರೀತಿಸಬೇಕೋ ಅಷ್ಟು ಪ್ರೀತಿಸುತ್ತೇನೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎನ್ನುತ್ತಾಳೆ. ಸಿಟ್ಟಿಗೆದ್ದ ತಂದೆ ಅವಳ ಪಾಲನ್ನು ಅಕ್ಕಂದಿರಿಗೇ ಹಂಚುತ್ತಾನೆ. ವರದಕ್ಷಿಣೆ ಇಲ್ಲವೆಂದು ತಿಳಿದೊಡನೆ ಒಬ್ಬ ವರ ಹಿಂದೆ ಸರಿಯುತ್ತಾನೆ. ಫ್ರಾನ್ಸಿನ ದೊರೆ ಬರಿಗೈಯ ಹುಡುಗಿಯನ್ನೇ ಗೌರವದಿಂದ ಮದುವೆಯಾಗುತ್ತಾನೆ. ಅವಳ ಪರವಾಗಿ ಮಾತಾಡಿದ ನಿಷ್ಠಾವಂತ ಕೆಂಟ್‌ಗೂ ಗಡೀಪಾರು. ಅವನು ವೇಷ ಮರೆಸಿ ಬಂದು ಅದೇ ರಾಜನ ಸೇವೆ ಮಾಡುತ್ತಾನೆ. ಹೊಗಳುವವರು ಯಾರು, ಬೇಕಾದವರು ಯಾರು ಎಂಬುದು ತಂದೆಗೆ ತಿಳಿಯುವಾಗ ಅವನು ಬಿರುಗಾಳಿ ಮಳೆಯಲ್ಲಿ ಬಯಲಿನಲ್ಲಿದ್ದಾನೆ.

'ಕಾರ್ಡೀಲಿಯ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು' ಎನ್ನುವವರಿದ್ದಾರೆ. ಇರಬಹುದು. ಆದರೆ ಪ್ರೀತಿಯನ್ನು ತಕ್ಕಡಿಗೆ ಹಾಕಿದವನು ತಂದೆ. ತಂದೆಯನ್ನು ಹುಡುಕಿಕೊಂಡು ಮರಳಿ ಬಂದವಳೂ ಅವಳೇ. ಆ ಪ್ರಯತ್ನದಲ್ಲಿ ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ಈ ಅಂತ್ಯವನ್ನು ಸಹಿಸಲಾಗದೆ 1681ರಲ್ಲಿ ನೇಹಮ್ ಟೇಟ್ ಎಂಬವನು ಅವಳನ್ನು ಬದುಕಿಸಿ ನಾಟಕ ತಿದ್ದಿದ. ಇಂಗ್ಲೆಂಡಿನ ರಂಗದ ಮೇಲೆ ಸುಮಾರು ಒಂದೂವರೆ ಶತಮಾನ ಆ ತಿದ್ದಿದ ನಾಟಕವೇ ನಡೆಯಿತು. ಮೂಲ ನಾಟಕ ಮಾತ್ರ, ಸತ್ಯ ಹೇಳಿದವರಿಗೆ ಕೂಡಲೇ ಬಹುಮಾನ ಸಿಗುತ್ತದೆ ಎಂಬ ಸುಳ್ಳು ಸಮಾಧಾನ ಕೊಡುವುದಿಲ್ಲ.

ಸಹೋದರಿಯರೇ, ಈಗ ಅರಮನೆ ಬಿಟ್ಟು ನಮ್ಮ ಊರುಗಳತ್ತ ನೋಡಿ. ಶ್ರೀನಿವಾಸಪುರದಲ್ಲಿ ಮಾವಿನ ತೋಟಗಳಿವೆ. ಮಾಲೂರು, ನರಸಾಪುರಗಳಲ್ಲಿ ಕಾರ್ಖಾನೆಗಳು ಬಂದು, ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ನೆಲಕ್ಕೆ ಕೋಟಿಗಳ ಲೆಕ್ಕ ಬಂದಿದೆ. ನೆಲಕ್ಕೆ ಬೆಲೆ ಬಂದ ಮನೆಯಲ್ಲಿ ಮಾತಿಗೂ ಬೆಲೆ ಕಟ್ಟುತ್ತಾರೆ. ಅಬ್ಬಾಜಾನರ ಕಾಲೊತ್ತುವವನು ಒಳ್ಳೆಯ ಮಗನಾಗುತ್ತಾನೆ. 'ನನ್ನ ಪಾಲು ಎಲ್ಲಿ?' ಎಂದ ಮಗಳು ಕೃತಘ್ನಳಾಗುತ್ತಾಳೆ. 'ತವರಿನ ಬಾಗಿಲು ತೆರೆದಿರಬೇಕಲ್ಲಮ್ಮಾ' ಎಂಬ ಒಂದು ಸಿಹಿಮಾತಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟ ತಂಗಿಯರು ಎಷ್ಟು ಮಂದಿ ಇಲ್ಲ? ಕುರ್‌ಆನ್ ಹೆಣ್ಣಿಗೆ ಪಾಲನ್ನು ಗೊತ್ತುಪಡಿಸಿದೆ. ಅದನ್ನು ಪ್ರೀತಿಯ ಬೆಲೆಯಾಗಿ ಬಿಟ್ಟುಕೊಡು ಎಂದು ಕೇಳುವುದು ಯಾವ ಪ್ರೀತಿ?

ಈ ಎರಡು ನಾಟಕಗಳಿಂದ ನಾವು ಕಲಿಯಬೇಕಾದುದು ಇಷ್ಟು. ಗಂಡ ತಪ್ಪು ದಾರಿಯ ಅಂಚಿನಲ್ಲಿ ಹಿಂಜರಿಯುತ್ತಿದ್ದರೆ, ಪಕ್ಕದ ಮನೆಯವರ ಸಂಪಾದನೆ ತೋರಿಸಿ ಅವನನ್ನು ಹಂಗಿಸಬೇಡಿ. ಅವನ ಹಿಂಜರಿಕೆಗೆ ಬಲ ಕೊಡಿ. ತಂದೆ ತಾಯಿಯ ಸ್ಥಾನದಲ್ಲಿರುವವರು ಮಕ್ಕಳ ಪ್ರೀತಿಯನ್ನು ಪಂದ್ಯಕ್ಕೆ ಇಡಬೇಡಿ. ಪಾಲು ಮಾಡುವ ದಿನ ಯಾರು ಚೆನ್ನಾಗಿ ಮಾತಾಡಿದರು ಎಂದು ನೋಡದೆ ಯಾರಿಗೆ ಎಷ್ಟು ಸಲ್ಲಬೇಕು ಎಂದು ನೋಡಿ. ನಿಮ್ಮ ಮಗಳು ತುಸು ಒರಟಾಗಿ ನಿಜ ಹೇಳಿದರೆ ಆ ಒರಟುತನವನ್ನು ತಿದ್ದಿ, ಆದರೆ ನಿಜ ಹೇಳುವ ಅಭ್ಯಾಸವನ್ನು ಮುರಿಯಬೇಡಿ. ಮಳೆ ಗಾಳಿಯ ರಾತ್ರಿ ನಿಮ್ಮನ್ನು ಹುಡುಕಿಕೊಂಡು ಬರುವವಳು ಅವಳೇ ಇರಬಹುದು.